ಕೀಲಿನ ಒಳಮೈಯ ಗುರುತು

ಸರಸ್ವತಿ ನಗರ, ದಾವಣಗೆರೆ
೩ ಆಗಸ್ಟ್ ೨೦೨೪

ಶಹಜಾದಿ ಮೇಡಂ ಅವರಿಗೆ,

ಕಳೆದ ಜೂನ್‌ನಲ್ಲಿ ತಾವು ಹೇಗ್ ನಗರದಿಂದ ನಮ್ಮ ಪತ್ರಿಕೋದ್ಯಮ ವಿಭಾಗಕ್ಕೆ ತಮ್ಮ ಕಚೇರಿಯ ಯುದ್ಧಾಪರಾಧ ತನಿಖೆಗಳ ಬಗ್ಗೆ ಆನ್‌ಲೈನ್ ಉಪನ್ಯಾಸ ನೀಡಿದಾಗ, ಹದಿನೇಳನೆಯ ಚಿತ್ರವಾಗಿ ಒಂದು ಕಬ್ಬಿಣದ ಕೀಲನ್ನು ತೋರಿಸಿದ್ದಿರಿ. ೨೦೧೫ರ ಯುದ್ಧದಲ್ಲಿ ಜಲೀಲಾ ಬಂದರಿನ ಉಗ್ರಾಣದೊಳಗೆ ಮನುಷ್ಯರನ್ನು ಕೂಡಿಹಾಕಿದ್ದ ಪಂಜರಗಳ ಬಾಗಿಲ ಕೀಲು ಅದು. ನಿಲ್ಲಲೂ ಆಗದ, ಕೂರಲೂ ಆಗದ ಪಂಜರಗಳು ಎಂದಿರಿ. ಕೀಲಿನ ಒಳಮೈಯಲ್ಲಿ ಒಂದು ಪುಟ್ಟ ತ್ರಿಕೋನ, ಅದರೊಳಗೆ ಒಂದು ಚುಕ್ಕೆ. "ಇದೇನೆಂದು ಒಂಬತ್ತು ವರ್ಷಗಳಿಂದ ನಮಗೆ ತಿಳಿದಿಲ್ಲ" ಎಂದು ಹೇಳಿ ತಾವು ಮುಂದಿನ ಚಿತ್ರಕ್ಕೆ ಹೋದಿರಿ.

ನನಗೆ ತಿಳಿದಿದೆ.

ಈ ವಾಕ್ಯವನ್ನು ಬರೆಯುವಾಗ ಆದ ಸಂತೋಷವನ್ನು ಮರೆಮಾಚುವಷ್ಟು ವಿನಯ ನನ್ನಲ್ಲಿಲ್ಲ. ನನ್ನ ತಂದೆ ಕೊಟ್ಟೂರಪ್ಪನವರ ಬೀಜದಂಗಡಿಯ ಶಟರ್ ಒಮ್ಮೆ ಕೆಟ್ಟಿತ್ತು. ರಿಪೇರಿಗೆ ಬಂದವನು ಅಚ್ಚನ್ನು ಬಿಚ್ಚಿ, ಒಳಗಿನ ಗುರುತು ನೋಡಿ, ಇದನ್ನು ಮಾಡಿದವರು ಹರಿಹರದ ಇಂಥವರು ಎಂದು ಹೆಸರು ಹೇಳಿದ್ದ. ಆಗ ನಾನು ಆರನೆಯ ತರಗತಿಯಲ್ಲಿದ್ದೆ. ಹರಿಹರದ ಹಳೆಯ ಲೇತ್ ಕಸುಬುದಾರರು ತಮ್ಮ ಕೆಲಸದ ಒಳಭಾಗದಲ್ಲಿ, ಗಿರಾಕಿಯ ಕಣ್ಣಿಗೆ ಬೀಳದ ಕಡೆ, ಉಕ್ಕಿನ ಪಂಚ್‌ನಿಂದ ಸ್ವಂತದ ಗುರುತು ಒತ್ತುತ್ತಾರೆ. ತಮ್ಮ ಚಿತ್ರ ಕಂಡ ಮರುಗಳಿಗೆಯೇ ನನಗೆ ಅದು ಹೊಳೆಯಿತು.

ಏಳು ಭಾನುವಾರ ಹರಿಹರಕ್ಕೆ ಹೋದೆ. ಹತ್ತೊಂಬತ್ತು ವರ್ಕ್‌ಶಾಪ್‌ಗಳ ಬಾಗಿಲು ತಟ್ಟಿದೆ. ಕೊನೆಗೆ ಲಿಂಗಣ್ಣ ಎಂಬವರ ಹಿಟ್ಟಿನ ಗಿರಣಿಯಲ್ಲಿ, ಯಂತ್ರದ ಮುಚ್ಚಳದ ಕೀಲಿನೊಳಗೆ ಅದೇ ತ್ರಿಕೋನ ಸಿಕ್ಕಿತು. ಅದರ ಸಮೀಪಚಿತ್ರವನ್ನು ಲಗತ್ತಿಸಿದ್ದೇನೆ.

"ಇದಾ? ಇದು ಗೋಣೆಪ್ಪ ಮೇಸ್ತ್ರಿದು," ಎಂದರು ಲಿಂಗಣ್ಣ. "ದೊಡ್ಡ ಕಾರ್ಖಾನೆ ಮುಚ್ಚಿದ ಮ್ಯಾಲೆ ಹೊರದೇಶಕ್ಕೆ ಹೋಗಿದ್ದ. ಯಾವುದೋ ಬಂದರು. ಜಲೀಲ, ಜಲೀಲ ಅಂತಿದ್ದ. ಯಾಕವ್ವ, ಗಂಡು ನೋಡಕ್ ಬಂದಿಯೇನು? ಅವಂಗೆ ಅರವತ್ತೇಳು."

ನನ್ನ ಅಂತಿಮ ವರ್ಷದ ಸಾಕ್ಷ್ಯಚಿತ್ರ ಇದೇ ಆಗಲಿದೆ. ಪಂಜರ ಮಾಡಿದವನನ್ನು ಕ್ಯಾಮೆರಾದೆದುರು ಕೂರಿಸಿ, ಆ ಕೀಲಿನ ಚಿತ್ರವನ್ನು ತೋರಿಸಿ, ಅವನ ಮುಖ ಏನು ಮಾಡುತ್ತದೆಂದು ನೋಡಬೇಕು.

ತಮ್ಮ ಅಭಿಪ್ರಾಯಕ್ಕಾಗಿ ಕಾದಿರುವ
ಪೂಜಾ


ಹೇಗ್
೧೨ ಆಗಸ್ಟ್ ೨೦೨೪

ಪ್ರಿಯ ಪೂಜಾ,

ನಿನ್ನ ಪತ್ರವನ್ನು ಮೂರು ಸಲ ಓದಿದೆ. ನನ್ನ ತಾಯಿ ಅಮೀನಾಬೀ ಹುಟ್ಟಿದ್ದು ಹರಿಹರದಲ್ಲಿ. ನನ್ನ ಬಾಲ್ಯದ ಬೇಸಿಗೆಗಳೆಲ್ಲ ಅಲ್ಲಿಯೇ ಕಳೆದವು. ಆ ಕೀಲಿನ ಚಿತ್ರ ಒಂಬತ್ತು ವರ್ಷ ನನ್ನ ಮೇಜಿನ ಮೇಲಿದ್ದರೂ ನನಗೆ ಹೊಳೆಯಲಿಲ್ಲ. ನೀನು ಸಂತೋಷಪಡು. ಅದಕ್ಕೆ ನಿನಗೆ ಹಕ್ಕಿದೆ.

ಈಗ ಕೇಳು. ಆ ಬಂದರನ್ನು ಆಳುತ್ತಿದ್ದ ಕಮಾಂಡರ್ ಇಂದು ಯುರೋಪಿನ ಒಂದು ಊರಿನಲ್ಲಿ ಟೈಲ್ಸ್ ವ್ಯಾಪಾರ ಮಾಡಿಕೊಂಡಿದ್ದಾನೆ. ಅವನ ಮೇಲಿನ ವಿಚಾರಣೆ ಮುಂದಿನ ವರ್ಷ ಶುರುವಾಗುತ್ತದೆ. ಆ ಪಂಜರಗಳನ್ನು ಹಡಗಿನಲ್ಲಿ ಬರುತ್ತಿದ್ದ ಕುರಿಗಳಿಗಾಗಿ ಮಾಡಿಸಿದ್ದು, ಮನುಷ್ಯರನ್ನು ಅದರೊಳಗೆ ಹಾಕಿದವರು ಬೇರೆ ಯಾರೋ ಎಂಬುದು ಅವನ ವಾದ. ಅದನ್ನು ಸುಳ್ಳೆಂದು ತೋರಿಸುವ ಕಾಗದ ಒಂದೂ ಉಳಿದಿಲ್ಲ. ಪಂಜರ ಮಾಡುವಾಗ ಏನೆಂದು ಹೇಳಿ ಮಾಡಿಸಿದರೆಂಬುದು ಅದನ್ನು ಮಾಡಿದವನಿಗೆ ಮಾತ್ರ ಗೊತ್ತು.

ಆದ್ದರಿಂದ ಅವನು ಆರೋಪಿಯಾಗಬಹುದು, ಸಾಕ್ಷಿಯಾಗಬಹುದು, ಎರಡೂ ಆಗಬಹುದು. ಅವನ ಮೊದಲ ಮಾತು ಕೆಡಬಾರದು. ನೀನು ಯಾರು, ಯಾವ ವಿಷಯಕ್ಕೆ ಬಂದಿದ್ದೀಯ, ಅವನು ಉತ್ತರಿಸದೆ ಇರಬಹುದು, ವಕೀಲರನ್ನು ಕೇಳಬಹುದು: ಇಷ್ಟನ್ನು ಮೊದಲು ಹೇಳದೆ ಪಡೆದ ಮಾತನ್ನು ಕಮಾಂಡರ್‌ನ ವಕೀಲರು ಐದು ನಿಮಿಷದಲ್ಲಿ ಹರಿದುಹಾಕುತ್ತಾರೆ.

ಈ ವಿಷಯ ಫೋನಿನಲ್ಲಿ ಬೇಡ. ನಮ್ಮ ಕಚೇರಿಯ ನಿಯಮವದು. ಹೀಗೆಯೇ ಇಮೇಲ್‌ನಲ್ಲಿ ಬರೆದು ಕಳಿಸು, ದಿನಾಂಕ ಹಾಕು.

ಕುತೂಹಲದಿಂದ,
ಶಹಜಾದಿ


ಸರಸ್ವತಿ ನಗರ
೨೫ ಆಗಸ್ಟ್ ೨೦೨೪

ಶಹಜಾದಿ ಮೇಡಂ ಅವರಿಗೆ,

ತಮ್ಮ ಪತ್ರದ ತರ್ಕವನ್ನು ಗೌರವಿಸುತ್ತೇನೆ. ಆದರೆ ಅದು ನ್ಯಾಯಾಲಯದ ತರ್ಕ, ನನ್ನದು ಕ್ಯಾಮೆರಾದ್ದು. ಮೊದಲೇ ಎಚ್ಚರಿಸಿದ ಮನುಷ್ಯ ಕುರ್ಚಿಯಲ್ಲಿ ಕೂರುವ ಮೊದಲೇ ತನ್ನ ಮುಖವನ್ನು ಇಸ್ತ್ರಿ ಮಾಡಿಟ್ಟುಕೊಂಡಿರುತ್ತಾನೆ. ಸಿದ್ಧವಿಲ್ಲದ ಮುಖವೊಂದೇ ಸುಳ್ಳಾಡಲಾರದು. ಬಲಿಯಾದವರಿಗೆ ಯಾರೂ ಮುನ್ಸೂಚನೆ ಕೊಡಲಿಲ್ಲವಲ್ಲ?

ಕಳೆದ ಭಾನುವಾರ ಗೋಣೆಪ್ಪನವರ ಮನೆಗೆ ಹೋಗಿದ್ದೆ. ಹರಿಹರದ ಹಳೆಯ ಸೇತುವೆಯಿಂದ ಸ್ವಲ್ಪವೇ ದೂರ, ಎರಡು ಕೋಣೆಯ ಮನೆ, ಹಿತ್ತಲಲ್ಲಿ ತಗಡಿನ ಶೆಡ್ಡು. ಕಸುಬುದಾರರ ಗುರುತುಗಳ ಬಗ್ಗೆ ಚಿತ್ರ ಮಾಡುತ್ತಿದ್ದೇನೆಂದು ಹೇಳಿದೆ. ಅದು ಅಕ್ಷರಶಃ ಸತ್ಯ.

ಅವರ ಹೆಂಡತಿ ಹಂಪವ್ವ ನನ್ನನ್ನು ಕೂರಿಸಿ ಗಂಡನಿಗೆ ಕೂಗಿದರು: "ಕೇಳ್ತಾ, ನಿನ್ ಮಾರೀನ ಟೀವೀಗೆ ಹಾಕ್ತಾರಂತೆ. ಹೋಗಿ ಜಳಕ ಮಾಡ್ಕಂಡು ಬಾ, ಇಲ್ಲಾಂದ್ರ ಜನ ಟೀವಿ ಕೆಟ್ಟೈತೆ ಅನ್ಕಂತಾರೆ."

ಗೋಣೆಪ್ಪ ನಗುತ್ತ ಬಂದು ಕುಳಿತರು. ಉದ್ದನೆಯ ಆಳು. ಬೆರಳುಗಳು ಅಷ್ಟೇ ಉದ್ದ, ತುದಿಗಳು ಸವೆದು ನುಣುಪಾಗಿವೆ. ಗುರುತನ್ನು ಒಳಗಡೆ ಏಕೆ ಒತ್ತುತ್ತೀರಿ ಎಂದು ಕೇಳಿದೆ.

"ಹೊರಗೆ ಒತ್ತಿದ್ರೆ ಜಂಬ ಆಗ್ತೈತೆ ತಂಗಿ. ಒಳಗೆ ಒತ್ತಿದ್ರೆ ಕೆಟ್ಟಾಗ ಮಾತ್ರ ಕಾಣ್ತೈತೆ. ಕೆಟ್ಟಾಗ ಯಾರಿಗೆ ಬೈಬೇಕು ಅಂತ ಗೊತ್ತಾಗಬೇಕಲ್ಲ?"

"ಜಲೀಲಾದಲ್ಲಿ ಇದ್ರಂತಲ್ಲ?"

"ಇದ್ದೆ, ಎಂಟು ವರ್ಷ. ಉಪ್ಪುಗಾಳಿ. ಕಬ್ಬಿಣ ವರ್ಷ ತುಂಬೋದ್ರೊಳಗೆ ತುಕ್ಕು ಹಿಡೀತೈತೆ ಅಲ್ಲಿ."

ಮುಂದಕ್ಕೆ ಕೇಳಲಿಲ್ಲ. ಹೆಚ್ಚು ಕೇಳಿದರೆ ಅನುಮಾನ ಬರುತ್ತದೆ, ಅನುಮಾನ ಬಂದರೆ ಮುಖ ಸಿದ್ಧವಾಗುತ್ತದೆ. ಒಂದು ಮಾತು ಒಪ್ಪಿಕೊಳ್ಳುತ್ತೇನೆ: ಅವರು ನನಗೆ ಇಷ್ಟವಾದರು. ಇಷ್ಟವಾಗುವ ಮನುಷ್ಯ ಇಂಥದ್ದನ್ನು ಹೇಗೆ ಮಾಡಬಲ್ಲ ಎಂಬುದೇ ಚಿತ್ರದ ಪ್ರಶ್ನೆಯಾಗಬಹುದೇನೋ. ತಾವು ಈ ಕೆಲಸದಲ್ಲಿ ಅಂಥವರನ್ನು ಕಂಡಿದ್ದೀರಾ?

ಪೂಜಾ


ಹೇಗ್
೩೦ ಆಗಸ್ಟ್ ೨೦೨೪

ಪೂಜಾ,

ಕಂಡಿದ್ದೇನೆ. ಇಪ್ಪತ್ತು ಜನರ ಸಾವಿಗೆ ಕಾರಣನಾದವನೊಬ್ಬ ನಾನು ಚಿತ್ರ ತೋರಿಸುವಾಗ ಆಕಳಿಸಿದ. ಆ ದಿನ ಕಟ್ಟಡದಲ್ಲಿ ಚಹಾ ಹಂಚುತ್ತಿದ್ದ ಹೆಂಗಸು ಅದೇ ಚಿತ್ರ ನೋಡಿ ಬೆವತು ಗೋಡೆಗೊರಗಿದಳು. ನಿನ್ನ ಕ್ಯಾಮೆರಾ ಇಬ್ಬರಲ್ಲಿ ಯಾರನ್ನು ಹಿಡಿಯುತ್ತಿತ್ತು? ಮುಖದಲ್ಲಿ ಏನೋ ಇರುತ್ತದೆ, ನಿಜ. ಅದು ಯಾವುದರ ಉತ್ತರವೆಂದು ಮುಖ ಹೇಳುವುದಿಲ್ಲ.

ಅವನಿಗೆ ಹೇಳದೆ ಚಿತ್ರೀಕರಿಸಬೇಡ. ಇದು ಸಲಹೆಯಲ್ಲ, ಕೋರಿಕೆ. ಆ ಪಂಜರಗಳಿಂದ ಬದುಕಿ ಬಂದವರು ಏಳು ಜನ. ಅವರ ಹೆಸರಿನಲ್ಲಿ ಕೇಳುತ್ತಿದ್ದೇನೆ.

ಉತ್ತರ ಬರೆ.

ಶಹಜಾದಿ


ಸರಸ್ವತಿ ನಗರ
೨೨ ಸೆಪ್ಟೆಂಬರ್ ೨೦೨೪

ಶಹಜಾದಿ ಮೇಡಂ ಅವರಿಗೆ,

ಇಪ್ಪತ್ತಮೂರು ದಿನ ಉತ್ತರಿಸದಿದ್ದುದಕ್ಕೆ ಕ್ಷಮೆಯಿರಲಿ. ಕಾರಣ ಈ ಪತ್ರದಲ್ಲಿದೆ.

ಸೆಪ್ಟೆಂಬರ್ ೧೫ರಂದು ಚಿತ್ರೀಕರಣ ಮುಗಿಸಿದೆ. ಮೊದಲೇ ತಿಳಿಸಿದ್ದರೆ ತಾವು ಮತ್ತೆ ತಡೆಯುತ್ತಿದ್ದಿರಿ. ನೇರವಾಗಿ ತಡೆಸಿಕೊಂಡು ಅವಿಧೇಯಳಾಗುವುದಕ್ಕಿಂತ ಮೌನವೇ ಗೌರವಯುತವೆನಿಸಿತು.

ಸಹಪಾಠಿ ಆಸಿಮ್ ಕ್ಯಾಮೆರಾ ಹಿಡಿದಿದ್ದ. ಹಿತ್ತಲ ಶೆಡ್ಡಿನಲ್ಲಿ, ಬೆಳಗಿನ ಬೆಳಕಿನಲ್ಲಿ, ಗೋಣೆಪ್ಪ ಇಪ್ಪತ್ತು ನಿಮಿಷ ಲೇತ್ ಬಗ್ಗೆ ಮಾತಾಡಿದರು. ಕಬ್ಬಿಣ ಕೊರೆಯುವಾಗ ಬರುವ ಸಪ್ಪಳದಿಂದಲೇ ಅದರ ಜಾತಿ ಹೇಳಬಹುದೆಂದು ಎರಡು ತುಂಡು ಕೊರೆದು ತೋರಿಸಿದರು. ನಾನು ಕೇಳಿದೆ, ನನಗೆ ವ್ಯತ್ಯಾಸ ತಿಳಿಯಲಿಲ್ಲ. ಆಮೇಲೆ ಕೀಲಿನ ಚಿತ್ರವನ್ನು ಅವರ ಮುಂದಿಟ್ಟೆ.

ನಲವತ್ತೊಂದು ಸೆಕೆಂಡು ಅವರ ಹೆಬ್ಬೆರಳು ಕಾಗದದ ಮೇಲಿನ ತ್ರಿಕೋನವನ್ನು ಸವರುತ್ತಲೇ ಇತ್ತು.

"ಇದು ನಿಮ್ಮ ಗುರುತಾ?"

"ನಂದೇ."

"ಇದು ಯಾವುದರ ಕೀಲು ಗೊತ್ತಾ?"

"ನೀವೇ ಹೇಳ್ರಿ."

ಹೇಳಿದೆ. ಬಂದರು, ಉಗ್ರಾಣ, ಪಂಜರ, ಎಲ್ಲವನ್ನೂ. ಅವರು ಕನ್ನಡಕ ತೆಗೆದರು.

"ಈ ಕೆಲಸದ ಹೊಣೆ ಯಾರದು?"

"ಗುರುತು ಐತಲ್ಲ. ನಂದೇ ಹೊಣೆ. ಕ್ಯಾಮೆರಾ ಬಂದ್ ಮಾಡ್ರಿ ತಂಗಿ."

ಆಸಿಮ್‌ನ ಕೈ ಗುಂಡಿಯ ಕಡೆ ಹೋಯಿತು. ನಾನು ಕಣ್ಣಲ್ಲೇ ಬೇಡವೆಂದೆ. ಅಷ್ಟರಲ್ಲಿ ಹಂಪವ್ವ ಚಹಾ ತಂದರು. "ಯಾಕ ಹಿಂಗ್ ಕುಂತಿ? ಏನಂದ್ರು ಇವ್ರು?" "ಏನಿಲ್ಲ. ನೀನು ಒಳಗೆ ಹೋಗು." ಅದೂ ಚೌಕಟ್ಟಿನೊಳಗಿದೆ.

ಆಸಿಮ್ ದಾವಣಗೆರೆ ಬಸ್ ನಿಲ್ದಾಣದಲ್ಲಿ ಇಳಿದ ಮೇಲೆ, "ಅವ್ರು ಬಂದ್ ಮಾಡು ಅಂದ್ರಲ್ಲ ಪೂಜಾ" ಎಂದಷ್ಟೇ ಹೇಳಿ ಹೋದ. ಅವನು ಒಳ್ಳೆಯ ಛಾಯಾಗ್ರಾಹಕ, ಆದರೆ ನಿರ್ದೇಶಕನಾಗಲಾರ.

ಆರು ನಿಮಿಷದ ತುಣುಕನ್ನು ಕಳಿಸಿದ್ದೇನೆ. ಒಂಬತ್ತು ವರ್ಷದಲ್ಲಿ ತಮಗೆ ಸಿಗದ ಒಪ್ಪಿಗೆ ಇದು.

ಪೂಜಾ


ಹೇಗ್
೨೪ ಸೆಪ್ಟೆಂಬರ್ ೨೦೨೪

ಪೂಜಾ,

ನೋಡಿದೆ. ಈ ತುಣುಕನ್ನು ಯಾರಿಗೂ ತೋರಿಸಬೇಡ, ಒಬ್ಬರಿಗೂ.

ಒಂದು ಪ್ರಶ್ನೆ: ಗೋಣೆಪ್ಪ ಜಲೀಲಾದಿಂದ ಹಿಂದಿರುಗಿದ ಇಸವಿ ಯಾವುದು?

ಶಹಜಾದಿ


ಸರಸ್ವತಿ ನಗರ
೧೪ ಅಕ್ಟೋಬರ್ ೨೦೨೪

ಶಹಜಾದಿ ಮೇಡಂ,

ಈ ಪತ್ರವನ್ನು ನಾಲ್ಕು ಬಾರಿ ಆರಂಭಿಸಿದ್ದೇನೆ. ನಡೆದುದನ್ನು ನಡೆದ ಕ್ರಮದಲ್ಲೇ ಬರೆಯುವುದೊಂದೇ ಈಗ ನನ್ನ ಕೈಯಲ್ಲಿರುವುದು.

ತಮ್ಮ ಮೂರು ಸಾಲಿನ ಪತ್ರವನ್ನು ಓದಿದ ನನಗೆ ಅದರಲ್ಲಿ ಅಸೂಯೆ ಕಂಡಿತು. ಇಷ್ಟು ದೊಡ್ಡ ಸಂಸ್ಥೆ ಮಾಡಲಾಗದ್ದನ್ನು ದಾವಣಗೆರೆಯ ಒಬ್ಬ ವಿದ್ಯಾರ್ಥಿನಿ ಮಾಡಿದಳೆಂದು ತಮಗೆ ಕಹಿಯಾಗಿದೆ ಎಂದುಕೊಂಡೆ. ಮೂರು ದಿನಗಳ ನಂತರ, ನಮ್ಮ ವಿಭಾಗದ ವಿಚಾರಸಂಕಿರಣದಲ್ಲಿ ಎರಡು ನಿಮಿಷ ತೋರಿಸಿದೆ. "ನಂದೇ ಹೊಣೆ" ಎಂಬಲ್ಲಿಗೆ ನಿಲ್ಲಿಸಿದೆ. ಸಭಾಂಗಣ ಎದ್ದು ನಿಂತು ಚಪ್ಪಾಳೆ ತಟ್ಟಿತು. ಅವರಲ್ಲಿ ಯಾರೋ ಒಬ್ಬರು ಫೋನಿನಲ್ಲಿ ಅದನ್ನು ಹಿಡಿದುಕೊಂಡಿದ್ದರು. ಎರಡನೆಯ ದಿನ ಅದು ಹರಿಹರದಲ್ಲಿತ್ತು. 'ಪಂಜರದ ಮೇಸ್ತ್ರಿ' ಎಂಬ ತಲೆಬರಹವನ್ನು ಯಾರು ಕೊಟ್ಟರೋ ತಿಳಿಯದು.

ತಮ್ಮ ಪ್ರಶ್ನೆ ಮಾತ್ರ ನನ್ನನ್ನು ಬಿಡಲಿಲ್ಲ. ಪ್ರತಿ ಪರೀಕ್ಷೆಯಲ್ಲೂ ಮೊದಲು ಬಂದವಳಿಗೆ ಉತ್ತರ ಬರೆಯದ ಒಂದು ಪ್ರಶ್ನೆ ಎಂಥ ಕಾಟವೆಂದು ತಮಗೆ ಹೇಳಬೇಕಾಗಿಲ್ಲ. ಆಯುಧಪೂಜೆಯ ದಿನ, ಅಕ್ಟೋಬರ್ ೧೧ರಂದು, ಹರಿಹರಕ್ಕೆ ಹೋದೆ. ಗೋಣೆಪ್ಪನವರ ಮನೆಗೆ ಹೋಗುವ ಧೈರ್ಯವಾಗದೆ ಲಿಂಗಣ್ಣನವರ ಗಿರಣಿಗೆ ಹೋದೆ. ಯಂತ್ರಕ್ಕೆ ಚೆಂಡುಹೂವು ಕಟ್ಟುತ್ತಿದ್ದರು. ನನ್ನ ಕಡೆ ನೋಡಲೇ ಇಲ್ಲ.

"ಅಣ್ಣ, ಅವರು ವಾಪಸ್ ಬಂದದ್ದು ಯಾವ ಇಸವಿಯಲ್ಲಿ?"

"ಈಗ ಕೇಳ್ತಿಯೇನು?" ಎಂದು ಹಾರ ಕೆಳಗಿಟ್ಟರು. "ಎರಡ್ ಸಾವಿರದ ಒಂಬತ್ತರಾಗೆ ಬಂದ. ಬಂದಾತ ಮತ್ತೆ ಹೋಗ್ಲಿಲ್ಲ. ಬಾ ಇಲ್ಲಿ. ಇದನ್ನ ಫೋಟೋ ಹೊಡ್ದಿಯಲ್ಲ ಅವತ್ತು? ಕೆಳಗೆ ಏನ್ ಕೊರೆದೈತೆ ಓದು."

ಮುಚ್ಚಳದ ಕೀಲಿನೊಳಗೆ, ತ್ರಿಕೋನದಿಂದ ಎರಡು ಬೆರಳು ಕೆಳಗೆ, '೨೦೧೫' ಎಂದು ಕೊರೆದಿತ್ತು.

"ಆ ವರ್ಷ ಆರು ತಿಂಗಳು ಇಲ್ಲೇ ನೆಲದ ಮ್ಯಾಲೆ ಕೂತು ಈ ಮಿಷನ್ ಕಟ್ಟಿದಾನೆ. ಇಲ್ಲಿ ಕೂತಾತ ಅಲ್ಲಿ ಪಂಜರ ಹೆಂಗ್ ಮಾಡ್ತಾನೆ? ಎರಡು ಕೈ ಅದಾವೆ ಅವಂಗೆ, ನಾಕಲ್ಲ."

ಮೇಡಂ, ಆಗಸ್ಟ್‌ನಲ್ಲಿ ತಮಗೆ ಕಳಿಸಿದ ಚಿತ್ರವನ್ನು ಮತ್ತೆ ತೆರೆದು ನೋಡಿ. ತ್ರಿಕೋನ ದೊಡ್ಡದಾಗಿ ಕಾಣಲೆಂದು ನಾನು ಲೆನ್ಸನ್ನು ಇನ್ನಷ್ಟು ಹತ್ತಿರ ಒಯ್ದಿದ್ದೆ. ಇಸವಿ ಚೌಕಟ್ಟಿನ ಹೊರಗೆ ಉಳಿದಿದೆ.

"ಹಾಗಿದ್ರೆ 'ನಂದೇ' ಅಂತ ಯಾಕಂದ್ರು?"

ಲಿಂಗಣ್ಣ ಹೇಳಿದ್ದು ಇದು. ಮೇಸ್ತ್ರಿಯಾದವನು ತನ್ನ ಶಿಷ್ಯ ಕೆಲಸ ಕಲಿತು ಮುಗಿಸಿದನೆಂದು ಅನಿಸಿದಾಗ, ಆಯುಧಪೂಜೆಯ ದಿನ, ತನ್ನದೇ ಗುರುತಿನ ಇನ್ನೊಂದು ಪಂಚ್ ಕೊರೆದು ಅವನ ಕೈಗೆ ಕೊಡುತ್ತಾನೆ. ಅಂದಿನಿಂದ ಶಿಷ್ಯ ಎಲ್ಲಿ ಆ ಗುರುತು ಒತ್ತಿದರೂ, ಆ ಕೆಲಸ ಕೆಟ್ಟರೆ, ಗುರು 'ನನ್ನದಲ್ಲ' ಎನ್ನುವಂತಿಲ್ಲ. 'ನಂದೇ' ಎಂದು ಮೊದಲು ಹೊಣೆ ಹೊರುತ್ತಾನೆ, ಮಾಡಿದವನನ್ನು ಆಮೇಲೆ ಮನೆಯೊಳಗೆ ಕರೆದು ಕೇಳುತ್ತಾನೆ. ಹರಿಹರದ ಯಾವ ಲೇತ್ ಅಂಗಡಿಯವನಿಗಾದರೂ ಗೊತ್ತಿರುವ ಈ ರೂಢಿ ನನಗೆ ಗೊತ್ತಿರಲಿಲ್ಲ. ನಾನು ಅವರ ಗುರುತುಗಳ ಬಗ್ಗೆ ಚಿತ್ರ ಮಾಡುತ್ತಿದ್ದೆ!

"ಪಂಚ್ ಯಾರಿಗೆ ಕೊಟ್ಟ ಅಂತ ನಾನು ಹೇಳಂಗಿಲ್ಲ," ಎಂದರು. "ನೀನು ಅವತ್ತು ಅವನನ್ನೇ ಕೇಳಬಹುದಿತ್ತು. ಕೇಳ್ಲಿಲ್ಲ."

ಕೇಳಲಿಲ್ಲ. ಅನುಮಾನ ಬರಬಾರದೆಂದು ಕೇಳಲಿಲ್ಲ. ನಾನು ಹೂಡಿದ ಉಪಾಯವೇ ಒಂದು ಮಗು ಕೇಳಬಹುದಾದ ಪ್ರಶ್ನೆಯನ್ನು ನನ್ನಿಂದ ಕಸಿದುಕೊಂಡಿತು.

ಹಿಂದಿರುಗುವಾಗ ಅವರ ಮನೆಯ ಮುಂದಿನಿಂದ ಬಂದೆ. ಊರಿನ ಸೈಕಲ್ಲು, ಆಟೊ, ಹೊಲಿಗೆ ಯಂತ್ರ, ಎಲ್ಲಕ್ಕೂ ಹೂವಿತ್ತು. ಅವರ ಶೆಡ್ಡಿಗೆ ಬೀಗ ಹಾಕಿತ್ತು.

ಏನು ಮಾಡಲಿ?

ಪೂಜಾ


ಹೇಗ್
೨೦ ಅಕ್ಟೋಬರ್ ೨೦೨೪

ಪೂಜಾ,

ನಿನ್ನ ಮೇಲೆ ಸಿಟ್ಟಿನಿಂದ ಎರಡು ಪತ್ರ ಬರೆದು ಅಳಿಸಿದೆ. ಇದು ಮೂರನೆಯದು.

ನಾನೂ ಮುಚ್ಚಿಟ್ಟದ್ದಿದೆ. ಪಂಜರ ಮಾಡಿದವನು ಸುಮಾರು ಮೂವತ್ತು ವರ್ಷದ ಭಾರತೀಯ, ಎಡಗೈಯಲ್ಲಿ ಸುತ್ತಿಗೆ ಹಿಡಿಯುತ್ತಿದ್ದ ಎಂದು ಬದುಕುಳಿದ ನಾಲ್ವರು ಬೇರೆಬೇರೆಯಾಗಿ ಹೇಳಿದ್ದಾರೆ. ನೀನು ಅರವತ್ತೇಳು ಎಂದು ಬರೆದ ದಿನವೇ ನನಗೆ ಅನುಮಾನವಿತ್ತು. ಹೇಳಲಿಲ್ಲ. ಹುಡುಕಲು ಹೋದವರಿಗೆ ಚಹರೆ ಹೇಳಿದರೆ ಅವರು ಎಲ್ಲೆಡೆ ಅದನ್ನೇ ಕಾಣುತ್ತಾರೆ ಎಂಬುದು ನಮ್ಮ ನಿಯಮ. ನಿಯಮ ಸರಿಯಾದದ್ದೇ. ಆದರೆ ಅದರ ನೆರಳಿನಲ್ಲಿ ಒಬ್ಬ ಮುದುಕನನ್ನು ನಿನ್ನ ಮುಂದೆ ಒಂಟಿಯಾಗಿ ಬಿಟ್ಟೆ. ವಿಚಾರಣೆಗೆ ಬರಲಿರುವ ಚಿತ್ರವನ್ನು ಉಪನ್ಯಾಸದಲ್ಲಿ ತೋರಿಸಿದ್ದು ಅದಕ್ಕೂ ಮೊದಲಿನ ತಪ್ಪು. ಅದು ನನ್ನದೇ. ನನ್ನ ಮೇಲಿನವರಿಗೆ ಇವತ್ತು ಬರೆದು ಕೊಟ್ಟಿದ್ದೇನೆ.

ನೀನು ಮಾಡಬೇಕಾದದ್ದು: ಚಪ್ಪಾಳೆ ಬಿದ್ದ ಅದೇ ಸಭಾಂಗಣದಲ್ಲಿ, ಅಷ್ಟೇ ಜನರ ಮುಂದೆ ನಿಂತು, ನಿನ್ನ ಬಾಯಿಂದ ತಪ್ಪು ಹೇಳು. ಅದನ್ನು ಫೋನಿನಲ್ಲಿ ಹಿಡಿಯಲು ನೀನೇ ಕೇಳಿಕೊ. ಆಮೇಲೆ ಗೋಣೆಪ್ಪನವರ ಮನೆಗೆ ಹೋಗು. ಶಿಷ್ಯ ಯಾರೆಂದು ಹುಡುಕಬೇಡ. ಆದರೂ ಎದುರಾದರೆ, ಕೊಡಲು, ಸಾಕ್ಷಿಯ ಹಕ್ಕುಗಳನ್ನು ತಿಳಿಸುವ ನಮ್ಮ ಹಕ್ಕುಪತ್ರವನ್ನು ಕನ್ನಡದಲ್ಲಿ ಕಳಿಸಿದ್ದೇನೆ. ನಮ್ಮ ಕಚೇರಿಯ ನಂಬರ್ ಅದರಲ್ಲಿದೆ.

ಶಹಜಾದಿ


ಸರಸ್ವತಿ ನಗರ
೧೭ ನವೆಂಬರ್ ೨೦೨೪

ಶಹಜಾದಿ ಮೇಡಂ,

ಸಭಾಂಗಣದಲ್ಲಿ ಅಕ್ಟೋಬರ್ ೨೯ರಂದು ಮಾತಾಡಿದೆ. ಮೊದಲ ಸಲದ ಅರ್ಧದಷ್ಟೂ ಜನರಿರಲಿಲ್ಲ. ಅಂತಿಮ ಚಿತ್ರವನ್ನು ಹಿಂತೆಗೆದುಕೊಂಡೆ. ಪ್ರಥಮ ಸ್ಥಾನ ಬೇರೆಯವರಿಗೆ ಹೋಗುತ್ತದೆ. ಅದರ ಬಗ್ಗೆ ಒಂದು ಸಾಲು ಬರೆದು ಹೊಡೆದುಹಾಕಿದೆ.

ಕಳೆದ ಭಾನುವಾರ, ನವೆಂಬರ್ ೧೦ರಂದು, ಹರಿಹರಕ್ಕೆ ಹೋದೆ. ಹಂಪವ್ವ ಬಾಗಿಲಿಗೆ ಅಡ್ಡ ನಿಂತರು.

"ಕ್ಯಾಮೆರಾ ತಂದಿಯೇನು?"

"ಇಲ್ಲ."

"ಚೀಲ ತೋರ್ಸು."

ತೋರಿಸಿದೆ. ನೀರಿನ ಬಾಟಲಿ, ಪುಸ್ತಕ, ಕಾಗದ. ಫೋನನ್ನು ತೆಗೆದುಕೊಂಡು ಅಕ್ಕಿ ಡಬ್ಬದೊಳಗೆ ಇಟ್ಟು ಮುಚ್ಚಿದರು. "ಈಗ ಒಳಗೆ ಬಾ."

ನಾನು ಕ್ಷಮೆ ಕೋರುವ ಪತ್ರವೊಂದನ್ನು ಎರಡು ದಿನ ಕೂತು ತಿದ್ದಿ ತೀಡಿದ್ದೆ. ನಿಂತು ಓದತೊಡಗಿದೆ. ಗೋಣೆಪ್ಪ ಎರಡು ವಾಕ್ಯ ಕೇಳಿ, "ಕಾಗದ ನೋಡ್ಕಂಡು ಓದ್ತಿಯಲ್ಲ ತಂಗಿ, ನನ್ ಮಾರಿ ನೋಡ್ಕಂಡು ಹೇಳಕ್ಕೆ ಬರಂಗಿಲ್ಲೇನು?" ಎಂದರು. ಕಾಗದ ಮಡಿಸಿದೆ. "ತಪ್ಪಾಯ್ತು" ಎಂಬ ಒಂದೇ ಪದವನ್ನು ಎಷ್ಟು ಸಲ ಹೇಳಿದೆನೋ ಲೆಕ್ಕವಿಲ್ಲ.

"ಕೂಡ್ರು," ಎಂದರು. ಕುಳಿತೆ.

"ಅವತ್ತೇ ನಾನಲ್ಲ ಅಂತ ಹೇಳಬಹುದಿತ್ತಲ್ಲ?" ಎಂದು ಕೊನೆಗೆ ಕೇಳಿದೆ.

"ನಾನಲ್ಲ ಅಂದ್ರೆ ಮುಂದಿನ ಪ್ರಶ್ನೆ ಏನು ಕೇಳ್ತಿದ್ದಿ? ಮತ್ಯಾರು ಅಂತ. ಅದಕ್ಕೆ ಉತ್ತರ ಹೇಳಬೇಕಾದಾತ ನಾನಲ್ಲ. ಆ ಊರಿಗೆ ಅವನನ್ನ ಕಳಿಸ್ದಾತ ನಾನು. ನನ್ನ ಹಳೇ ಸಾಹೇಬನಿಗೆ ಚೀಟಿ ಬರೆದು ಕೊಟ್ಟಿದ್ದೆ. ಹುಡುಗ ಕೆಲಸ್ದಾಗೆ ನನಗಿಂತ ಚೊಕ್ಕ ಅದಾನೆ ಅಂತ ಬರೆದಿದ್ದೆ."

"ಹೆಸ್ರು ಹೇಳ್ಬೇಡಿ," ಎಂದೆ.

"ನೀನೇನ್ ಹೇಳೋದು ಬ್ಯಾಡ ಅನ್ನಾಕೆ?" ಎಂದರು ಹಂಪವ್ವ. "ಈ ಮನುಷ್ಯ ಒಂದೂವರೆ ತಿಂಗಳಿಂದ ಹೊರಗೆ ಕಾಲಿಟ್ಟಿಲ್ಲ. ಇವತ್ತು ನಾನೇ ಅವಂಗೆ ಫೋನ್ ಹಚ್ಚೀನಿ, ಬಂದು ನಿನ್ ಮಾರಿ ತೋರ್ಸು ಅಂತ."

ಅವನು ಬಂದ. ಮಾಳಿಂಗಪ್ಪ, ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ಗೇಟು ಗ್ರಿಲ್ಲು ಮಾಡುವ ಅಂಗಡಿಯಿದೆ. ವಯಸ್ಸು ನಲವತ್ತರ ಆಸುಪಾಸು. ಹೆಲ್ಮೆಟ್ಟನ್ನು ಎಡಗೈಯಲ್ಲಿ ಹಿಡಿದಿದ್ದ. ಒಳಗೆ ಬಾ ಎಂದರೂ ಬರದೆ ಹೊಸ್ತಿಲಾಚೆ ನೆಲದ ಮೇಲೆ ಕುಳಿತ. ನನ್ನನ್ನು ನೋಡಲಿಲ್ಲ. ನಾನು ಯಾರೆಂದು ಕೇಳಲೂ ಇಲ್ಲ. ಗುರುವಿನ ಪಾದಗಳನ್ನು ನೋಡುತ್ತಲೇ ಮಾತು ಶುರುಮಾಡಿದ.

"ಮೊದ್ಲು ಕುರಿಗೆ ಅಂದಿದ್ರು. ಕುರಿಗೆ ಅಂತಲೇ ಎರಡು ಮಾಡಿದ್ದೆ. ಮೂರನೇದು ಮಾಡೋ ದಿನ ಒಬ್ಬ ಮನುಷ್ಯನ್ನ ಹಿಡ್ಕಂಡು ಬಂದು ನನ್ ಮುಂದೆ ನಿಲ್ಸಿದ್ರು. ಇವನ ಅಳತೆ ತಗೋ, ಅದಕ್ಕಿಂತ ಒಂದು ಗೇಣು ಕಮ್ಮಿ ಮಾಡು ಅಂದ್ರು. ನಾನು ಟೇಪು ಹಿಡ್ದೆ. ಆ ಮನುಷ್ಯ ನನ್ನ..."

ಮೇಡಂ, ಇಡೀ ಮೊಕದ್ದಮೆ ಕಾಯುತ್ತಿದ್ದ ವಾಕ್ಯ ಅದೆಂದು ನನಗೆ ಗೊತ್ತಿತ್ತು. ಅವನ ಮುಖವನ್ನು ನಾನು ನೋಡುತ್ತಿದ್ದೆ. ಸಿದ್ಧವಿಲ್ಲದ ಮುಖ ಹೇಗಿರುತ್ತದೆಂದು ಮೊದಲ ಸಲ ಕಂಡೆ. ಆದರೆ ತಾನು ಹೇಳುತ್ತಿರುವುದು ತನ್ನನ್ನೂ ಜೈಲಿಗೆ ಕಳಿಸಬಹುದೆಂದು ಆ ಮನುಷ್ಯನಿಗೆ ಗೊತ್ತಿರಲಿಲ್ಲ. ಮನೆಯವರಿಗೆ ಹೇಳುತ್ತಿದ್ದೇನೆಂದು ಅವನ ಭಾವನೆ. ನಾನು ಮನೆಯವಳಲ್ಲ.

"ನಿಲ್ಲಿಸಿ," ಎಂದೆ. ನನ್ನ ಧ್ವನಿ ನನಗೇ ಜೋರಾಗಿ ಕೇಳಿಸಿತು.

ಮೂವರೂ ನನ್ನ ಕಡೆ ತಿರುಗಿದರು. ನಾನು ಯಾರು, ಆ ವಿಡಿಯೊ ಮಾಡಿದವಳು ನಾನೇ, ಕಮಾಂಡರ್ ಮೇಲೆ ಕೇಸಿದೆ, ನೀವು ಒಂದು ಮಾತೂ ಆಡದೆ ಎದ್ದು ಹೋಗಬಹುದು, ವಕೀಲರನ್ನು ಕೇಳಬಹುದು, ಈಗ ಆಡಿದ ಮಾತು ನಿಮ್ಮ ಮೇಲೆಯೇ ಬರಬಹುದು ಎಂದು ಒಂದೊಂದಾಗಿ ಹೇಳಿ ಹಕ್ಕುಪತ್ರ ಕೊಟ್ಟೆ.

ಮಾಳಿಂಗಪ್ಪ ಅದನ್ನು ತಲೆಕೆಳಗಾಗಿ ಹಿಡಿದು, ಸರಿಮಾಡಿಕೊಂಡ. "ಹೇಳ್ತಿನಿ ಅಂತ ಬಂದ್ರೆ ಬ್ಯಾಡ ಅಂತೀರಲ್ರಿ?"

"ಅವತ್ತು ಬಂದ್ ಮಾಡು ಅಂದ್ರೂ ಬಿಡ್ಲಿಲ್ಲ, ಇವತ್ತು ಹೇಳ್ತಿನಿ ಅಂದ್ರೂ ಕೇಳಲ್ಲ," ಎಂದರು ಹಂಪವ್ವ. "ಎಂಥಾ ಓದು ಓದ್ಸಿದಾರೆ ಇವಳಿಗೆ!"

ಗೋಣೆಪ್ಪ ಮಾತ್ರ ನನ್ನನ್ನೇ ನೋಡುತ್ತಿದ್ದರು. "ಮನೆಗೆ ಹೋಗು ಮಾಳಿಂಗ," ಎಂದರು. "ಹೆಂಡ್ತಿ ಮುಂದೆ ಅದನ್ನ ಓದು. ಆಮ್ಯಾಲೆ ಏನ್ ಮಾಡ್ತಿಯೋ ನೀನೇ ಮಾಡು. ನಾನು ನಂದೇ ಅಂತ ಹೇಳಿ ಆಗೈತೆ."

ಅವನು ಕಾಗದವನ್ನು ಅಂಗಿಯೊಳಗೆ ಇಟ್ಟುಕೊಂಡು ಹೋದ. ಬೈಕಿನ ಸದ್ದು ಬೀದಿಯ ತಿರುವು ದಾಟುವವರೆಗೂ ಕೇಳಿಸುತ್ತಿತ್ತು. ಹಂಪವ್ವ ಅಕ್ಕಿ ಡಬ್ಬದಿಂದ ನನ್ನ ಫೋನ್ ತೆಗೆದು ಸೆರಗಿನಿಂದ ಒರೆಸಿ ಕೊಟ್ಟರು.

ಏಳು ದಿನವಾಯಿತು. ನಿಟ್ಟುವಳ್ಳಿಯ ಕಡೆಗೆ ನಾನು ಹೋಗಿಲ್ಲ. ಅವನು ಮತ್ತೆಂದೂ ಬಾಯಿ ತೆರೆಯದಿರಬಹುದು. ಹಾಗಾದರೆ ಆ ಏಳು ಜನರಿಗೆ ಸಿಗಬೇಕಾಗಿದ್ದ ವಾಕ್ಯವನ್ನು ಅರ್ಧಕ್ಕೆ ತಡೆದವಳು ನಾನು. ಮಾಡಿದ್ದು ಸರಿಯೇ ಎಂದು ತಮ್ಮನ್ನು ಕೇಳಬೇಕೆಂದಿದ್ದೆ. ಕೇಳುವುದಿಲ್ಲ. ಮತ್ತೆ ಆ ಹೊಸ್ತಿಲ ಬಳಿ ಕೂರಿಸಿದರೂ ನಾನು ಅವನನ್ನು ಅಲ್ಲಿಯೇ ನಿಲ್ಲಿಸುತ್ತೇನೆ.

ಪೂಜಾ


ಹೇಗ್
೧೯ ನವೆಂಬರ್ ೨೦೨೪

ಪೂಜಾ,

ಈ ಬೆಳಿಗ್ಗೆ ಕಚೇರಿಯ ಫೋನ್ ನನಗೆ ವರ್ಗಾವಣೆಯಾಗಿ ಬಂತು. ಎತ್ತಿಕೊಂಡವರಿಗೆ ಭಾಷೆ ತಿಳಿಯದೆ ಎರಡು ಮೇಜು ದಾಟಿ ಬಂದಿತ್ತು.

"ಕನ್ನಡ ಬರೋರು ಯಾರಾದ್ರು ಅದಾರೇನ್ರಿ ಅಲ್ಲಿ?" ಎಂದಿತು ಆ ಧ್ವನಿ.

ಇದ್ದಾರೆ ಎಂದೆ. ಹೆಸರು ಹೇಳಿದ, ಊರು ಹೇಳಿದ. ಕಾಗದವನ್ನು ಹೆಂಡತಿಯ ಮುಂದೆ ಓದಿದ್ದಾನೆ. ದಾವಣಗೆರೆಯಲ್ಲಿ ಒಬ್ಬ ವಕೀಲರನ್ನು ನೋಡಿದ್ದಾನೆ. ವಕೀಲರ ಮುಂದೆ, ನಮ್ಮವರ ಮುಂದೆ ಪೂರ್ತಿ ಹೇಳುತ್ತಾನಂತೆ. ಗುರುಗಳು ಪಕ್ಕದಲ್ಲಿ ಕೂರಬೇಕು, ಅದೊಂದು ಷರತ್ತು. ಡಿಸೆಂಬರ್ ೨ಕ್ಕೆ ನಾನೂ ಒಬ್ಬ ಸಹೋದ್ಯೋಗಿಯೂ ಬರುತ್ತಿದ್ದೇವೆ. ಅವನ ಮಾತನ್ನು ನಮ್ಮ ಕ್ಯಾಮೆರಾ ಹಿಡಿಯುತ್ತದೆ. ನೀನು ಆ ಕೋಣೆಯಲ್ಲಿರುವಂತಿಲ್ಲ, ಈಗ ನೀನೂ ಒಬ್ಬ ಸಾಕ್ಷಿ.

ಫೋನ್ ಇಡುವ ಮೊದಲು ಅವನು ಒಂದು ಪ್ರಶ್ನೆ ಕೇಳಿದ. ತಾನು ಟೇಪು ಹಿಡಿದು ಅಳೆದ ಆ ಮನುಷ್ಯ ಬದುಕಿದ್ದಾನೆಯೇ ಎಂದು.

ಉತ್ತರ ನನಗೆ ಗೊತ್ತಿತ್ತು. ಹೇಳಿಕೆಗೆ ಮೊದಲು ಅದನ್ನು ತಿಳಿಸುವಂತಿಲ್ಲ ಎಂದೆ. ಫೋನಿನಲ್ಲಿ ಅವನ ಹಿಂದೆ ಎಲ್ಲೋ ಕಬ್ಬಿಣ ಕೊರೆಯುವ ಸದ್ದು.

"ಆಯ್ತ್ರಿ," ಎಂದ. "ನನ್ನ ಮಾತು ಮುಗಿದ ಮ್ಯಾಲೆ ಹೇಳ್ರಿ."

ಶಹಜಾದಿ